ನಾಲ್ಕು ಬೆರಳು ನೀರು

ಜನವರಿ ೧೧

ದೊಡ್ಡಪ್ಪನವರಿಗೆ ನಿಮ್ಮ ಚೋಟುವಿನ ನಮಸ್ಕಾರ.

ಕಾಲುನೋವು ಹೇಗಿದೆ? ಸೈಕಲ್ ಅಂಗಡಿಯ ಷಟರ್ ಎತ್ತಲು ಪಕ್ಕದವರನ್ನು ಕರೆಯುತ್ತೀರೋ, ಇಲ್ಲ ಈಗಲೂ ಹಟ ಮಾಡಿ ನೀವೇ ಎತ್ತಿ ಆಮೇಲೆ ಸೊಂಟ ಹಿಡಿದುಕೊಂಡು ಓಡಾಡುತ್ತೀರೋ? ನಿಜ ಬರೆಯಿರಿ. ಸುಳ್ಳು ಬರೆಯುವಾಗ ನಿಮ್ಮ ಅಕ್ಷರ ದುಂಡಗಾಗುತ್ತದೆ, ನನಗೆ ಗೊತ್ತಾಗಿಬಿಡುತ್ತದೆ.

ನಮ್ಮ ಮ್ಯೂಸಿಯಂಗೆ ಹೊಸ ಅತಿಥಿ ಬಂದಿದ್ದಾಳೆ. ಹಳೆಯ ಬಸ್ಸು, ಟ್ರಾಮುಗಳೆಲ್ಲ ಮುಂದಿನ ಗೇಟಿನಿಂದ ಫೋಟೋ ತೆಗೆಸಿಕೊಂಡು ಬಂದಿದ್ದವು. ಇವಳು ಹಿಂದಿನ ಗೇಟಿನಿಂದ, ಮೈತುಂಬ ಟಾರ್ಪಾಲಿನ್ ಹೊದ್ದುಕೊಂಡು ಬಂದಳು. ಸೈನ್ಯದವರು ಯುದ್ಧಕ್ಕೆಂದು ಪ್ರಯೋಗಕ್ಕಾಗಿ ಕಟ್ಟಿಸಿದ ಎಂಜಿನ್ ಅಂತೆ. ಇಷ್ಟು ವರ್ಷ ಯಾವುದೋ ಡಿಪೋದ ಮೂಲೆಯಲ್ಲಿ ಬಿದ್ದಿತ್ತಂತೆ. ಇಳಿಸಲು ಬಂದ ಸೈನಿಕರಿಗೆ ನಿಧಾನಪ್ಪ ಚಹಾ ತಂದುಕೊಟ್ಟರೆ ಒಬ್ಬನೂ ಲೋಟ ಮುಟ್ಟಲಿಲ್ಲ. ಹಗ್ಗ ಬಿಚ್ಚಿದರು, ಸಹಿ ಹಾಕಿಸಿಕೊಂಡರು, ಹಿಂದೆ ನೋಡದೆ ಹೊರಟುಹೋದರು. ನಿಧಾನಪ್ಪ ಯಾರೆಂದು ಮರೆತಿದ್ದರೆ ನೆನಪಿಸುತ್ತೇನೆ, ನಮ್ಮ ವರ್ಕ್‌ಶಾಪಿನಲ್ಲಿ ಲೇತ್ ಹಿಡಿಯುವ ಟರ್ನರ್. ಬೇರೆಯವರು ಅರ್ಧ ಗಂಟೆಯಲ್ಲಿ ಮಾಡುವ ಬೋಲ್ಟಿಗೆ ಇವರಿಗೆ ಅರ್ಧ ದಿನ ಬೇಕು. ಆದರೆ ಇವರ ಬೋಲ್ಟ್ ಸಡಿಲವಾದದ್ದನ್ನು ನಾನು ಇನ್ನೂ ನೋಡಿಲ್ಲ.

ಎಂಜಿನ್ ನೋಡಿದರೆ ಮೈ ಜುಮ್ಮೆನ್ನುತ್ತದೆ. ಹೊಗೆ ಕಾಣಬಾರದೆಂದು ಎಣ್ಣೆಯ ಬೆಂಕಿ. ಸದ್ದು ಕೇಳಬಾರದೆಂದು ಬಳಸಿದ ಹಬೆಯನ್ನು ಹೊರಗೆ ಬಿಡದೆ ಹಿಂದೆ ಜೋಡಿಸಿದ ನೀರಿನ ಬಂಡಿಗೆ, ಅಂದರೆ ಟೆಂಡರಿಗೆ, ಒಯ್ದು ತಣಿಸುವ ಕೊಳವೆಗಳು. ಡ್ರೈವರ್ ನಿಲ್ಲುವ ಜಾಗಕ್ಕೆ ಕಿಟಕಿಯ ಬದಲು ಕಬ್ಬಿಣದ ಸೀಳುಗಳು. ರಾತ್ರಿಹೊತ್ತು ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುತ್ತಿರಲಿಲ್ಲವಂತೆ. ನಾವೆಲ್ಲ ಸೇರಿ ಅವಳಿಗೆ ‘ಮೂಕಿ’ ಎಂದು ಹೆಸರಿಟ್ಟಿದ್ದೇವೆ.

ಬಾಯ್ಲರ್ ಕೆಲಸ ನನ್ನದು. ಬೆಂಕಿಗೂಡಿನ ಬಾಯೊಳಗೆ ತೂರುವಷ್ಟು ಸಣ್ಣಗಿರುವವಳು ಇಡೀ ವರ್ಕ್‌ಶಾಪಿನಲ್ಲಿ ನಾನೊಬ್ಬಳೇ. ನಿರ್ದೇಶಕರು ಎಲ್ಲರ ಎದುರಿಗೆ, “ಇದರ ಬಾಯ್ಲರ್ ನಿನ್ನ ಕೈಗೆ ಕೊಡ್ತಿದೀನಮ್ಮ” ಎಂದಾಗ ಹಿಂದಿನಿಂದ ಯಾರೋ, “ನೀರು ಮರೆತವನ ಮಗಳಿಗಾ?” ಎಂದರು. ಅಪ್ಪನ ಕಥೆ ಇಲ್ಲಿಗೂ ಬಂದು ಮುಟ್ಟಿದೆ. ಬಾಯ್ಲರಿನಲ್ಲಿ ನೀರು ಇಳಿದದ್ದನ್ನು ನೋಡದೆ ತಾನೂ ಸತ್ತು ಜೊತೆಯವನನ್ನೂ ಕೊಂದ ಡ್ರೈವರಿನ ಮಗಳು ನಾನು. ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ. ಅದಕ್ಕೇ ಇರಬೇಕು, ನೀರಿನ ವಿಷಯಕ್ಕೆ ಬಂದರೆ ನಾನು ಯಾರ ಮಾತನ್ನೂ ನಂಬುವವಳಲ್ಲ.

ನೀವೂ ಅಪ್ಪನ ಹಾಗೆ ಸೈನ್ಯದ ರೈಲಿನಲ್ಲಿ ದುಡಿದವರು. ಮೂಕಿಯನ್ನು ನೋಡಿದ್ದೀರಾ? ಕೇಳಿಯಾದರೂ ಗೊತ್ತಾ?

ನಿಮ್ಮ
ಚೋಟು

ಜನವರಿ ೨೩

ಚೋಟು,

ಚೆನ್ನಾಗಿರು ಮಗಳೇ. ಷಟರ್ ನಾನೇ ಎತ್ತುತ್ತೇನೆ, ಸೊಂಟ ಹಿಡಿದುಕೊಂಡೇ ಓಡಾಡುತ್ತೇನೆ. ಅಕ್ಷರ ನೋಡಿಕೋ, ನಿಜ.

ನೀನು ಬರೆದ ಎಂಜಿನ್ನನ್ನು ನಾನು ನೋಡಿಲ್ಲ, ಕೇಳಿಯೂ ಇಲ್ಲ. ಸೈನ್ಯದಲ್ಲಿ ನೂರೆಂಟು ಹುಚ್ಚು ಪ್ರಯೋಗಗಳು ನಡೆಯುತ್ತಿದ್ದವು. ಎಣ್ಣೆ ಹಾಕು ಎಂದರೆ ಎಣ್ಣೆ ಹಾಕುವುದು, ಬಾಯಿ ಮುಚ್ಚು ಎಂದರೆ ಮುಚ್ಚುವುದು, ಇಷ್ಟೇ ನಮ್ಮಂಥವರ ಕೆಲಸ. ಹತ್ತು ಚಕ್ರದ ಆ ಭಾರಕ್ಕೆ ನಿಮ್ಮ ನೆಲ ಕುಸಿಯದಿದ್ದರೆ ಸಾಕು. ಬಣ್ಣ ಬಳಿದು, ಸುತ್ತ ಹಗ್ಗ ಕಟ್ಟಿ, ‘ಮುಟ್ಟಬೇಡಿ’ ಎಂದು ಬೋರ್ಡು ಹಾಕಿ ನಿಲ್ಲಿಸಿಬಿಡಿ. ಅಂಥವುಗಳಿಗೆ ಅದೇ ಮರ್ಯಾದೆ.

ಇಲ್ಲಿ ಹೊಸದೇನಿಲ್ಲ. ಕಂದು ಚೀಲದವನು ಬಂದುಹೋದ. ಅದೇ, ಸೈನ್ಯದಲ್ಲಿ ಕಂಡದ್ದನ್ನು ಯಾರಿಗೂ ಹೇಳಿಲ್ಲ ಎಂದು ವರ್ಷಕ್ಕೊಮ್ಮೆ ಬಂದು ನನ್ನಿಂದ ಸಹಿ ಹಾಕಿಸಿಕೊಂಡು ಹೋಗುವವನು. ನವೆಂಬರಿನಲ್ಲೇ ಬಂದು ಹೋಗಿದ್ದ. ಈಗ ಮತ್ತೆ ಬಂದ. ಪಂಕ್ಚರ್ ಹಾಕುವವನ ಹತ್ತಿರ ಏನು ಗುಟ್ಟಿರುತ್ತದೆ ಹೇಳು. ಸಹಿ ಹಾಕಿದೆ. ಹೋಗುವಾಗ ಬಾಗಿಲಲ್ಲಿ ನಿಂತು, “ನಿಮ್ ಮಗಳು ಮ್ಯೂಸಿಯಂನಲ್ಲಿ ಇದಾರಲ್ವಾ?” ಎಂದ. ನಾನು ಅವನಿಗೆ ನಿನ್ನ ವಿಷಯ ಯಾವತ್ತೂ ಹೇಳಿದವನಲ್ಲ.

ಅಪ್ಪನ ಬಗ್ಗೆ ಯಾರು ಏನೇ ಅಂದರೂ ಕಿವಿಗೆ ಹಾಕಿಕೊಳ್ಳಬೇಡ. ನನ್ನ ತಮ್ಮ ನೀರು ಮರೆಯುವವನಲ್ಲ. ಇಷ್ಟು ಮಾತ್ರ ಬರೆಯಬಲ್ಲೆ.

ದೊಡ್ಡಪ್ಪ

ಫೆಬ್ರವರಿ ೧೬

ದೊಡ್ಡಪ್ಪನವರಿಗೆ ನಮಸ್ಕಾರ.

ಸಿಕ್ಕಿಬಿದ್ದಿರಿ. ‘ನೋಡಿಲ್ಲ, ಕೇಳಿಯೂ ಇಲ್ಲ’ ಎಂಬ ಸಾಲಿನಲ್ಲಿ ಅಕ್ಷರಗಳು ಬದನೆಕಾಯಿಯ ಹಾಗೆ ದುಂಡಗಿವೆ. ಜೊತೆಗೆ ಹತ್ತು ಚಕ್ರ ಎಂದು ಬೇರೆ ಬರೆದಿದ್ದೀರಿ. ಮೂಕಿಗೆ ಎಷ್ಟು ಚಕ್ರ ಎಂದು ನಾನು ಬರೆದೇ ಇರಲಿಲ್ಲ. ಈಗ ಹೇಳಿ, ಎಲ್ಲಿ ನೋಡಿದ್ದಿರಿ? ಕಂದು ಚೀಲದವನಿಗೆ ಹೆದರಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲೂ ಬಾಯಿಗೆ ಬೀಗ ಹಾಕಿಕೊಂಡಿದ್ದೀರಲ್ಲ, ನಗು ಬರುತ್ತದೆ. ಆ ಯುದ್ಧ ಮುಗಿದು ಎಷ್ಟು ಕಾಲವಾಯಿತು. ಮೂಕಿಯ ನಕ್ಷೆಗಳನ್ನೇ ಸೈನ್ಯದವರು ನಮಗೆ ಕೊಟ್ಟಿದ್ದಾರೆ, ಇನ್ನು ಗುಟ್ಟೆಲ್ಲಿ ಉಳಿಯಿತು?

ಅಪ್ಪನ ಬಗ್ಗೆ ನೀವು ಬರೆದದ್ದು ಓದಿ ಕಣ್ಣು ಒದ್ದೆಯಾಯಿತು. ತಮ್ಮನ ಮೇಲಿನ ಪ್ರೀತಿಯಿಂದ ನೀವು ಹಾಗೆ ಹೇಳುತ್ತೀರಿ. ನನಗೂ ಹಾಗೇ ನಂಬುವ ಆಸೆ. ಆದರೆ ಆಗ ವಿಚಾರಣೆ ಮಾಡಿದವರು ಸುಮ್ಮನೆ ಬರೆಯುತ್ತಾರೆಯೇ?

ಇರಲಿ, ಇಲ್ಲಿನ ಸಂಗತಿ ಕೇಳಿ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಹಿಂದೆ ಒಂದು ಹಿತ್ತಾಳೆ ಫಲಕ, ಅದರ ಮೇಲೆ ಕೆಂಪು ಗೆರೆ. ನೀರು ಆ ಗೆರೆಗಿಂತ ಕೆಳಗಿಳಿದರೆ ಬೆಂಕಿಗೂಡಿನ ಚಾವಣಿ ಬರಿದಾಗಿ, ಕಾದು ಕೆಂಪಾಗಿ, ಹಬೆಯ ಒತ್ತಡಕ್ಕೆ ಕುಸಿದುಬಿಡುತ್ತದೆ ಎಂದು ನನಗೆ ಮೊಟ್ಟಮೊದಲು ಹೇಳಿಕೊಟ್ಟವರೇ ನೀವು, ಚಹಾದ ಪಾತ್ರೆ ಕೈಯಲ್ಲಿ ಹಿಡಿದು. ಮೂಕಿಯ ಫಲಕದಲ್ಲಿ ಆ ಕೆಂಪು ಗೆರೆಗಿಂತ ನಾಲ್ಕು ಬೆರಳು ಮೇಲೆ ಯಾರೋ ಅರದಿಂದ ಒರಟಾಗಿ ಇನ್ನೊಂದು ಗೀರು ಕೊರೆದಿದ್ದರು. ನಕ್ಷೆಯಲ್ಲಿ ಅದು ಇಲ್ಲ. “ಯಾವನೋ ಕೆಲಸ ಇಲ್ದೋನು ಕೆತ್ತಿದಾನೆ” ಎಂದು ನಿಧಾನಪ್ಪ ಬೈದರು. ನಮ್ಮ ನಿರ್ದೇಶಕರ ನಿಯಮ ನಿಮಗೆ ಗೊತ್ತಲ್ಲ: ಕಬ್ಬಿಣ ಒಂದು ಹೇಳಿ ನಕ್ಷೆ ಇನ್ನೊಂದು ಹೇಳಿದರೆ ನಕ್ಷೆಯನ್ನೇ ನಂಬಬೇಕು. ನಡುವೆ ಬಂದವರು ಮಾಡಿದ ಗಾಯಗಳನ್ನು ಅಳಿಸಿ, ಯಂತ್ರವನ್ನು ಹುಟ್ಟಿದ ದಿನದ ಹಾಗೆ ಮಾಡಬೇಕು. ನಿಧಾನಪ್ಪ ಹೊಸ ಫಲಕ ಮಾಡುತ್ತಿದ್ದಾರೆ. ಯಾವಾಗ ಮುಗಿಯುತ್ತದೆಂದು ಕೇಳುವ ಧೈರ್ಯ ನನಗಿಲ್ಲ.

ಒಂದು ಅನುಮಾನ. ಬೇರೆ ಎಂಜಿನ್ನುಗಳ ಬೆಂಕಿಗೂಡಿನ ಚಾವಣಿಯಲ್ಲಿ ಸೀಸದ ಬಿರಡೆ ಇರುತ್ತದಲ್ಲ, ನೀರು ಕಡಿಮೆಯಾದರೆ ಸೀಸ ಕರಗಿ ಹಬೆ ಸುರಿದು ಬೆಂಕಿಯನ್ನು ಆರಿಸುವಂಥದ್ದು. ಮೂಕಿಗೆ ಅದಿಲ್ಲ. ನಕ್ಷೆಯಲ್ಲೂ ಇಲ್ಲ. ಅಷ್ಟು ಮುಖ್ಯವಾದದ್ದನ್ನು ಸೈನ್ಯದವರು ಯಾಕೆ ಬಿಟ್ಟರು?

ಚೋಟು

ಫೆಬ್ರವರಿ ೨೩

ಚೋಟು,

ಹತ್ತು ಚಕ್ರ ಎಂದದ್ದು ಅಂದಾಜು. ಸೈನ್ಯದ ದೊಡ್ಡ ಎಂಜಿನ್ನುಗಳಿಗೆಲ್ಲ ಅಷ್ಟಿರುತ್ತಿದ್ದವು. ಸೀಸದ ಬಿರಡೆ ಇಲ್ಲದ್ದು ಅವರ ಜಿಪುಣತನ, ಇನ್ನೇನು.

ಆ ಹಳೆಯ ಫಲಕ ಎಸೆಯಬೇಡ. ಸಾಧ್ಯವಾದರೆ ಅದನ್ನೇ ಮತ್ತೆ ಅದರ ಜಾಗದಲ್ಲಿ ಕೂರಿಸಲು ಹೇಳು. ಗೀರು ಕೊರೆದವನು ಕೆಲಸವಿಲ್ಲದೆ ಕೊರೆದಿರಲಿಕ್ಕಿಲ್ಲ. ಅವನಿಗೂ ಹೆಂಡತಿ ಮಕ್ಕಳು ಇದ್ದಿರಬಹುದು, ಮನೆಗೆ ಹಿಂತಿರುಗುವ ಆಸೆ ಇದ್ದಿರಬಹುದು. ನಿಮ್ಮ ನಿರ್ದೇಶಕರಿಗೆ ನಕ್ಷೆಯ ಮೇಲೆ ಅಷ್ಟೊಂದು ಭಕ್ತಿ ಇರುವುದು ಒಳ್ಳೆಯದಲ್ಲ.

ನಿನ್ನ ಪತ್ರದ ಅಂಟು ಎರಡು ಸಲ ಹಚ್ಚಿದ ಹಾಗಿತ್ತು. ನೀನೇ ಹಚ್ಚಿದ್ದೋ?

ಒಂದೇ ಒಂದು ಮಾತು ಕೇಳುತ್ತೇನೆ, ಸುತ್ತಿ ಬಳಸದೆ ಉತ್ತರ ಕೊಡು. ಆ ಎಂಜಿನ್ನಿಗೆ ಬೆಂಕಿ ಹಾಕುತ್ತೀರಾ? ಇಲ್ಲ ಎಂದಾದರೆ ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಕಾರ್ಡಿನಲ್ಲಿ ‘ಇಲ್ಲ’ ಎಂದು ಬರೆದು ಹಾಕು. ನಾನು ನೆಮ್ಮದಿಯಾಗಿ ಊಟ ಮಾಡುತ್ತೇನೆ.

ದೊಡ್ಡಪ್ಪ

ಮಾರ್ಚ್ ೨೮

ದೊಡ್ಡಪ್ಪನವರಿಗೆ ನಮಸ್ಕಾರ.

ತಡವಾಯಿತು, ಬೈಯಬೇಡಿ. ಕೆಲಸ ಕುತ್ತಿಗೆಗೆ ಬಂದಿತ್ತು. ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ. ಬಣ್ಣ ಬಳಿದು ನಿಲ್ಲಿಸುತ್ತೇವೆ, ಅಷ್ಟೇ. ನೆಮ್ಮದಿಯಾಗಿ ಊಟ ಮಾಡಿ. ಅಂಟು ನಾನು ಒಂದೇ ಸಲ ಹಚ್ಚಿದ್ದು. ಅಂಚೆಯವರು ಹರಿದದ್ದನ್ನು ಅಂಟಿಸಿರಬೇಕು.

ಬಾಯ್ಲರಿಗೆ ತಣ್ಣೀರು ತುಂಬಿ ಒತ್ತಡ ಕೊಟ್ಟು ನೋಡಿದೆವು. ಒಂದು ಹನಿ ಸೋರಲಿಲ್ಲ. ಬೆಂಕಿಗೂಡಿನೊಳಗೆ ಅಂಗಾತ ಮಲಗಿ ಚಾವಣಿಯ ಒಂದೊಂದು ಬೋಲ್ಟನ್ನೂ ಸುತ್ತಿಗೆಯಿಂದ ತಟ್ಟಿ ಕೇಳಿದ್ದೇನೆ. ಗಂಟೆಯ ಹಾಗೆ ನುಡಿಯುತ್ತವೆ. ಹೊರಗೆ ಬಂದಾಗ ನನ್ನ ಮುಖ ನೋಡಿ ನಿಧಾನಪ್ಪ, “ಮಸಿ ತೊಳ್ಕೊಂಡ್ ಮನೆಗ್ ಹೋಗಮ್ಮ, ಇಲ್ದಿದ್ರೆ ಬಾಗಿಲು ತೆಗೆಯಲ್ಲ” ಎಂದರು.

ಹೊಸ ಫಲಕವೂ ಮುಗಿಯಿತು. ಕೋಪ ಮಾಡಿಕೊಳ್ಳಬೇಡಿ, ಹಳೆಯದನ್ನು ನಿಧಾನಪ್ಪ ಕರಗಿಸಿಬಿಟ್ಟಿದ್ದರು. ಅದರದೇ ಹಿತ್ತಾಳೆಯಿಂದ ಹೊಸದನ್ನು ಎರಕ ಹೊಯ್ದಿದ್ದಾರೆ. ನಿಮ್ಮ ಪತ್ರ ಬರುವಷ್ಟರಲ್ಲಿ ಆಗಿಹೋಗಿತ್ತು. ಫಲಕ ಎಷ್ಟು ಚೆನ್ನಾಗಿದೆಯೆಂದರೆ ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು. ಕೆಂಪು ಗೆರೆ ನಕ್ಷೆಯಲ್ಲಿದ್ದ ಜಾಗದಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿಮಗೆ ಹಳೆಯ ವಸ್ತುಗಳ ಮೇಲೆ ಇಷ್ಟು ಮೋಹ ಎಂದು ನನಗೆ ಗೊತ್ತಿರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ಬಾಯ್ಲರಿನ ಬಾಗಿಲಿಗೆ ಕೊನೆಯ ನಟ್ ಬಿಗಿದವರು ಆ ಎಂಜಿನ್ನಿನ ಮೊದಲ ಓಟದಲ್ಲಿ ಅದರ ಮೇಲೆ ಇರಲೇಬೇಕು. ಅವರು ಹತ್ತದಿದ್ದರೆ ಯಾರೂ ಹತ್ತುವಂತಿಲ್ಲ. ಹಾಗಾಗಿ ಯಾರೂ ಅರೆಮನಸ್ಸಿನಿಂದ ನಟ್ ಬಿಗಿಯುವುದಿಲ್ಲ. ಮೂಕಿಯ ಕೊನೆಯ ನಟ್ ಬಿಗಿದವಳು ನಾನು. ಅವಳು ಓಡುವುದಿಲ್ಲವಲ್ಲ, ನನಗೆ ಆ ಭಾಗ್ಯವಿಲ್ಲ. ಪಾಪ ನಿಧಾನಪ್ಪ ಅವತ್ತು ನನ್ನನ್ನು ನೋಡಿ, “ಮೂವತ್ತು ವರ್ಷದಿಂದ ಎಂಜಿನ್ ರಿಪೇರಿ ಮಾಡ್ತಿದೀನಿ, ಒಂದಿನಾನೂ ಓಡೋ ಎಂಜಿನ್ ಮೇಲೆ ನಿಂತಿಲ್ಲ ಕಣಮ್ಮ. ಬಾಯ್ಲರ್ ಬಾಗಿಲು ಮುಚ್ಚೋಕೆ ನನ್ನನ್ನ ಯಾರು ಕರೀತಾರೆ” ಎಂದರು. ಅವರ ಹೆಂಡತಿ ನಮಗೆಲ್ಲ ಊಟದ ಡಬ್ಬಿ ಕಳಿಸಿದ್ದರು.

ನಿಮ್ಮ
ಚೋಟು

ತಂತಿ ಸಂದೇಶ, ಏಪ್ರಿಲ್ ೯

ಎಂಜಿನ್ ಹತ್ತಬೇಡ. ಕಾರಣ ಪತ್ರದಲ್ಲಿ. ದೊಡ್ಡಪ್ಪ.

ಏಪ್ರಿಲ್ ೯

ಚೋಟು, ನನ್ನ ಮಗಳೇ,

ನಿಲ್ಲಿಸಿಡುವ ಎಂಜಿನ್ನಿನ ಬಾಯ್ಲರಿಗೆ ಯಾರೂ ತಣ್ಣೀರಿನ ಪರೀಕ್ಷೆ ಮಾಡುವುದಿಲ್ಲ. ನಿನ್ನ ಪತ್ರ ಓದಿದಾಗಲೇ ಅನುಮಾನ ಬಂತು. ಆದರೂ ‘ಇಲ್ಲ’ ಎಂದು ಬರೆದಿದ್ದಾಳಲ್ಲ ಎಂದು ಇಷ್ಟು ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇವತ್ತು ಬೆಳಿಗ್ಗೆ ಕಂದು ಚೀಲದವನು ಮೂರನೆಯ ಸಲ ಬಂದ. “ನಾಡಿದ್ದು ಓಡಿಸ್ತಾರಂತಲ್ಲ, ನಿಮ್ ಮಗಳೇ ಮೇಲಿರ್ತಾರಂತೆ. ಪೇಪರಿನೋರು ಬಂದು ಕೇಳಿದ್ರೆ ನೀವು ಏನೂ ಹೇಳೋ ಹಾಗಿಲ್ಲ” ಎಂದು ಮತ್ತೊಂದು ಸಹಿ ಕೇಳಿದ. ನಾನು ಅವನ ತೋಳು ಹಿಡಿದು, “ಆ ಎಂಜಿನ್ ಏನು ಅಂತ ನಿಮಗೆ ಗೊತ್ತಾ?” ಎಂದು ಕೇಳಿದೆ. “ನಂಗ್ಯಾಕ್ರೀ ಅದು? ನನ್ ಕೆಲಸ ಸಹಿ ತಗೊಳ್ಳೋದು” ಎಂದ. ಸುಳ್ಳು ಹೇಳುತ್ತಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗುಟ್ಟು ಕಾಯುವವರಿಗೇ ಗುಟ್ಟು ಏನೆಂದು ಮರೆತುಹೋಗಿದೆ. ಈಗ ಅದನ್ನು ತಿಳಿದವನು ನಾನೊಬ್ಬನೇ ಉಳಿದಿದ್ದೇನೆ.

ಕೇಳು. ಅಂಥ ಎಂಜಿನ್ನುಗಳು ಎರಡಿದ್ದವು. ಶತ್ರುಗಳ ಗಡಿಯೊಳಗೆ ಸದ್ದಿಲ್ಲದೆ ನುಗ್ಗಿ ಬರಲು ಕಟ್ಟಿಸಿದ್ದು. ಸಿಕ್ಕಿಬಿದ್ದರೆ ಏನು ಮಾಡುವುದು? ಶತ್ರು ಅದನ್ನು ನಮ್ಮ ಮೇಲೇ ಓಡಿಸಬಾರದು. ಅದಕ್ಕೆ ಯಾವನೋ ಬುದ್ಧಿವಂತ ಒಂದು ಉಪಾಯ ಹುಡುಕಿದ. ನೀರಿನ ಗಾಜನ್ನು ಬೇಕೆಂದೇ ಕೆಳಗೆ ಕೂರಿಸಿದರು. ನೀರು ಕೆಂಪು ಗೆರೆಯ ಮೇಲಿದ್ದರೂ ಒಳಗೆ ಚಾವಣಿ ಬರಿದಾಗಿರುತ್ತದೆ. ನಿಜವಾದ ಗೆರೆ ಇರುವುದು ನಾಲ್ಕು ಬೆರಳು ಮೇಲೆ. ನೀರು ಕಡಿಮೆಯಾದರೆ ಬೆಂಕಿ ಆರಿಸುವ ಸೀಸದ ಬಿರಡೆಯನ್ನೂ ಅದಕ್ಕೇ ಇಡಲಿಲ್ಲ. ನಕ್ಷೆ ಶತ್ರುವಿನ ಕೈಗೆ ಸಿಕ್ಕೀತೆಂದು ನಕ್ಷೆಯಲ್ಲೂ ಸುಳ್ಳನ್ನೇ ಬರೆದರು. ‘ನಾಲ್ಕು ಬೆರಳು ಮೇಲೆ’ ಎಂಬ ಮಾತು ಎಲ್ಲೂ ಬರಹದಲ್ಲಿಲ್ಲ. ಓಡಿಸುವವರ ಕಿವಿಯಲ್ಲಿ ಹೇಳುವುದು, ಅಷ್ಟೇ.

ಆ ಉಪಾಯ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅವರಿಗೆ ನೋಡಬೇಕಾಗಿತ್ತು. ಅದಕ್ಕೆ ಮೊದಲನೆಯ ಎಂಜಿನ್ನನ್ನು, ಏನೂ ಹೇಳದೆ, ನಿನ್ನಪ್ಪನ ಕೈಗೆ ಕೊಟ್ಟರು. ಅವನು ಗಾಜಿನಿಂದ ಕಣ್ಣು ತೆಗೆಯದೆ ಓಡಿಸಿದ ಮಗಳೇ. ನೀರು ಕೆಂಪು ಗೆರೆಯ ಮೇಲೇ ಇತ್ತು. ನನಗೆ ಇದು ಗೊತ್ತಾದದ್ದು ಅವನ ಹೆಣ ಮನೆಗೆ ಬಂದ ಮೇಲೆ, ನನ್ನನ್ನು ಎರಡನೆಯ ಎಂಜಿನ್ನಿಗೆ ಹಾಕಿ, ಬಾಗಿಲು ಮುಚ್ಚಿ, ಆ ನಾಲ್ಕು ಬೆರಳಿನ ಮಾತು ಹೇಳಿದಾಗ. ಬಾಯಿ ಬಿಟ್ಟರೆ ನಿನ್ನಮ್ಮನ ಪಿಂಚಣಿ ನಿಲ್ಲುತ್ತದೆ ಎಂದರು. ನಿ‍ನ್ನಮ್ಮ ಹೋದ ಮೇಲೂ ಹೆದರಿಕೆ ಹೋಗಲಿಲ್ಲ. ಅದು ಮೈಗೆ ಅಂಟಿಬಿಟ್ಟಿದೆ. ಫಲಕದ ಮೇಲೆ ಅರದಿಂದ ಗೀರು ಕೊರೆದವನು ನಾನೇ. ನನ್ನ ನಂತರ ಯಾರೇ ಬಂದರೂ ಇದೇನೆಂದು ಒಂದು ಕ್ಷಣ ನಿಂತು ಯೋಚಿಸಲಿ ಎಂದು.

ಟ್ರಂಕ್ ಕಾಲ್ ಮಾಡಲು ಅಂಚೆ ಕಚೇರಿಗೆ ಹೋದೆ. ಕಂದು ಚೀಲದವನು ಅಲ್ಲೇ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ಅಲ್ಲಿ ಫೋನಿನಲ್ಲಿ ಕೂಗಿ ಕೂಗಿ ಮಾತಾಡಬೇಕು. ಫೋನು ಮುಟ್ಟಲಿಲ್ಲ. ನಾಲ್ಕು ಮಾತಿನ ತಂತಿ ಕೊಟ್ಟು ಬಂದೆ. ನೀನು ಹತ್ತದಿದ್ದರೆ ಯಾರೂ ಹತ್ತುವಂತಿಲ್ಲ ಎಂದು ನೀನೇ ಬರೆದಿದ್ದೀಯಲ್ಲ, ಅಷ್ಟು ಸಾಕು. ಎಂಜಿನ್ ನಿಂತರೆ ಆಯಿತು. ಉಳಿದದ್ದನ್ನು ಈ ಪತ್ರ ಹೇಳುತ್ತದೆ. ಇದನ್ನು ಇಲ್ಲಿನ ಡಬ್ಬಿಗೆ ಹಾಕುವುದಿಲ್ಲ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಬೇರೆ ಊರಿನಲ್ಲಿ ಹಾಕಿಸುತ್ತೇನೆ.

ದೊಡ್ಡಪ್ಪ

ಏಪ್ರಿಲ್ ೧೦

ದೊಡ್ಡಪ್ಪನವರಿಗೆ ನಮಸ್ಕಾರ.

ತಂತಿ ಬಂತು. ಇಡೀ ವರ್ಕ್‌ಶಾಪಿನ ಎದುರಿಗೆ ತಂತಿಯವನು ನನ್ನ ಹೆಸರು ಕೂಗಿದಾಗ ನಿಮಗೇ ಏನೋ ಆಗಿಹೋಯಿತೆಂದುಕೊಂಡೆ. ಓದಿ ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ನಾನು ಸುಳ್ಳು ಬರೆದದ್ದು ನಿಮಗೆ ಗೊತ್ತಾಗಿಹೋಗಿದೆ. ಹೌದು, ನಾಳೆ ಉದ್ಘಾಟನೆಗೆ ಮೂಕಿಯನ್ನು ಓಡಿಸುತ್ತೇವೆ. ಅಪ್ಪ ಹೋದದ್ದು ಬಾಯ್ಲರಿನಿಂದ, ಮಗಳೂ ಬಾಯ್ಲರಿನ ಮೇಲೆ ನಿಲ್ಲುತ್ತಾಳೆಂದರೆ ನೀವು ನಿದ್ದೆ ಮಾಡುವುದಿಲ್ಲ ಎಂದು ಮುಚ್ಚಿಟ್ಟೆ. ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ನನಗೆ ಉಳಿದಿರುವವರು ನೀವೊಬ್ಬರೇ, ನಿಮಗೆ ನಾನೊಬ್ಬಳೇ. ನಿಮ್ಮ ಮಾತು ಮೀರಿ ಹತ್ತಿದರೆ ನನಗೆ ಖುಷಿಯಾಗುವುದಿಲ್ಲ.

ಹಾಗಾಗಿ ಹತ್ತುವುದಿಲ್ಲ. ಜ್ವರ ಎಂದು ಹೇಳಿದ್ದೇನೆ. ನಿರ್ದೇಶಕರು ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿದರು. ಪದ್ಧತಿಯ ಪ್ರಕಾರ ಓಟ ನಿಲ್ಲಿಸಬೇಕಲ್ಲ. ಆದರೆ ಕಾರ್ಡು ಹಂಚಿಯಾಗಿದೆ, ದೊಡ್ಡವರೆಲ್ಲ ಬರುತ್ತಾರೆ. ಕೊನೆಗೆ ನಾನೇ ದಾರಿ ಹುಡುಕಿದೆ. ಕೊನೆಯ ನಟ್ ಬಿಚ್ಚಿ, ನಿಧಾನಪ್ಪನ ಕೈಯಲ್ಲಿ ಮತ್ತೆ ಬಿಗಿಸಿದೆ. ಈಗ ಬಾಗಿಲು ಮುಚ್ಚಿದವರು ಅವರು. ಹತ್ತುವವರೂ ಅವರೇ. ಓಡಿಸಲು ನಿವೃತ್ತ ಡ್ರೈವರ್ ಒಬ್ಬರು ಇರುತ್ತಾರೆ, ನಿಧಾನಪ್ಪ ನೀರು ನೋಡಿಕೊಳ್ಳುತ್ತಾರೆ.

ಅವರ ಸಂತೋಷ ನೀವು ನೋಡಬೇಕಿತ್ತು. ನನ್ನ ಕೈ ಹಿಡಿದು, “ಜ್ವರ ಗಿರ ಏನೂ ಇಲ್ಲ ನಿಂಗೆ, ನಂಗೋಸ್ಕರ ಮಾಡಿದೀಯ” ಎಂದರು. ನಾನು ಅಲ್ಲ ಎನ್ನಲಿಲ್ಲ. ಹೆಂಡತಿಗೆ ಹೇಳಿ ಇಸ್ತ್ರಿ ಮಾಡಿದ ಅಂಗಿ ತರಿಸಿಕೊಂಡಿದ್ದಾರೆ. ಹೆಂಡತಿಯೂ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾರಂತೆ.

ಕಾರಣ ಪತ್ರದಲ್ಲಿ ಎಂದು ಬರೆದಿದ್ದೀರಿ. ಬೈಗುಳವೇ ಇರುತ್ತದೆಂದು ಗೊತ್ತು. ಬರಲಿ, ಓದುತ್ತೇನೆ.

ನಿಮ್ಮ
ಚೋಟು

ಏಪ್ರಿಲ್ ೧೨

ಚೋಟು,

ತಂತಿ ನಿನ್ನ ಕೈಗೇ ಮುಟ್ಟಿತು ಎಂದು ಅಂಚೆ ಕಚೇರಿಯವರು ವಿಚಾರಿಸಿ ಹೇಳಿದರು. ದೊಡ್ಡ ಉಸಿರು ಬಿಟ್ಟೆ. ನಿನ್ನೆ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ. ಇವತ್ತು ಷಟರ್ ಎತ್ತಲು ಪಕ್ಕದವನನ್ನು ಕರೆದೆ, ಅವನಿಗೆ ಆಶ್ಚರ್ಯ.

ಓಟ ನಿಂತದ್ದಕ್ಕೆ ನಿರ್ದೇಶಕರು ನಿನ್ನ ಮೇಲೆ ಹಾರಾಡಿರಬೇಕು. ಹಾರಾಡಲಿ. ನನ್ನ ಪತ್ರ ಬಂದ ಮೇಲೆ ಅವರಿಗೂ ಓದಿಸು. ಇನ್ನು ನನಗೆ ಯಾರ ಹೆದರಿಕೆಯೂ ಇಲ್ಲ. ಅಪ್ಪನ ವಿಷಯ ಓದಿ ನೀನು ನನ್ನ ಮೇಲೆ ಸಿಟ್ಟಾಗುತ್ತೀಯ, ಆಗು. ನೀನು ಬದುಕಿದ್ದು ಸಿಟ್ಟಾದರೆ ನನಗೆ ಅಷ್ಟೇ ಸಾಕು.

ದೊಡ್ಡಪ್ಪ

ಏಪ್ರಿಲ್ ೧೬

ನಿಮ್ಮ ಎರಡು ಪತ್ರಗಳೂ ಬಂದವು. ಒಂಬತ್ತನೆಯ ತಾರೀಖಿನದು ಹದಿಮೂರಕ್ಕೆ ಬಂತು. ಆ ಹೊತ್ತಿಗೆ ನಿಧಾನಪ್ಪನನ್ನು ಮಣ್ಣು ಮಾಡಿ ಬಂದಿದ್ದೆವು.

ಓಟ ನಿಲ್ಲಲಿಲ್ಲ. ನೀವು ನನಗೆ ಹತ್ತಬೇಡ ಎಂದಿರಿ, ನಾನು ಹತ್ತಲಿಲ್ಲ. ಅವರು ಹತ್ತಿದರು. ನಾನೇ ಹತ್ತಿಸಿದೆ.

ಹೇಗಾಯಿತೆಂದು ನೀವು ತಿಳಿಯಬೇಕು. ಮೂಕಿ ಸದ್ದಿಲ್ಲದೆ ಹೊರಟಳು. ಜನ ಚಪ್ಪಾಳೆ ಹೊಡೆದರು. ನಾನು ಹಳಿಯ ಪಕ್ಕದಲ್ಲೇ ನಡೆಯುತ್ತಿದ್ದೆ. ಅಭ್ಯಾಸ ಬಿಡುತ್ತದೆಯೇ, ಕೆಳಗಿನಿಂದ ಕೂಗಿ ಕೇಳಿದೆ, ನೀರು ನೋಡ್ತಿದೀರಾ ಎಂದು. ಅವರು ಸೀಳಿನಿಂದ ಮುಖ ತೋರಿಸಿ ಕೂಗಿದರು, “ನೋಡ್ತಾನೇ ಇದೀನಿ ಕಣಮ್ಮ, ಗೆರೆ ಮೇಲೆ ಒಂದು ಬೆರಳಿದೆ.” ನಾನು ಸರಿ ಎಂದೆ. ಸರಿ ಎಂದವಳು ನಾನು. ಆ ಚಾವಣಿಯ ಕೆಳಗೆ ಎಷ್ಟೋ ದಿನ ಮಲಗಿದ್ದವಳು, ಒಳಗೆ ಅದು ಎಷ್ಟು ಎತ್ತರದಲ್ಲಿದೆ, ಹೊರಗೆ ಗೆರೆ ಎಲ್ಲಿದೆ ಎಂದು ಒಂದು ಸಲವೂ ಕೋಲು ಹಿಡಿದು ಅಳೆಯಲಿಲ್ಲ. ನಕ್ಷೆಯಲ್ಲಿ ಸರಿಯಾಗಿತ್ತು. ಅವರು ಮುಖ ಒಳಗೆಳೆದುಕೊಂಡರು, ಅಷ್ಟರಲ್ಲಿ ಚಾವಣಿ ಕುಸಿದುಹೋಯಿತು. ಡ್ರೈವರ್ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತೀರಿಕೊಂಡರು. ನಿಧಾನಪ್ಪ ಅಲ್ಲೇ ಹೋಗಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿಯನ್ನು ನಾನು ಹಿಡಿದುಕೊಂಡೆ. ಎಷ್ಟು ಹಿಡಿದರೂ ನಿಲ್ಲಲಿಲ್ಲ.

ನಿನ್ನೆ ವಿಚಾರಣೆಯವರು ಬಂದಿದ್ದರು. ಅವರ ಜೊತೆ ಕಂದು ಚೀಲ ಹಿಡಿದವನೊಬ್ಬ ಇದ್ದ. ನಿಮ್ಮವನೇ ಇರಬಹುದು, ಬೇರೆಯವನೂ ಇರಬಹುದು. ‘ಸಿಬ್ಬಂದಿ ನೀರಿನ ಮಟ್ಟ ಗಮನಿಸದೆ ನಿರ್ಲಕ್ಷ್ಯ ತೋರಿದ್ದರಿಂದ’ ಎಂದು ಬರೆದಿಟ್ಟುಕೊಂಡೇ ಬಂದಿದ್ದರು. ಸಾಕ್ಷಿಯೆಂದು ನನ್ನ ಸಹಿ ಕೇಳಿದರು. ಹಾಕಲಿಲ್ಲ. ನಿಮ್ಮ ಪತ್ರ ತೋರಿಸಿದೆ. ಓದಿ, “ವಯಸ್ಸಾದೋರು, ಏನೋ ಭ್ರಮೆ” ಎಂದು ಹಿಂದಕ್ಕೆ ಕೊಟ್ಟರು. ನೀವು ಹಾಕಿಕೊಟ್ಟ ಅಷ್ಟೊಂದು ಸಹಿಗಳು ಅವರ ಚೀಲದಲ್ಲಿವೆ, ಕಂಡದ್ದೇನನ್ನೂ ಯಾರಿಗೂ ಹೇಳಿಲ್ಲ ಎಂದು. ನಿಮ್ಮ ಒಂದು ಪತ್ರಕ್ಕೆ ಯಾರು ಬೆಲೆ ಕೊಡುತ್ತಾರೆ?

ಅಪ್ಪ ನೀರು ಮರೆತವರಲ್ಲ ಎಂದು ತಿಳಿದ ದಿನ ನಾನು ಅಳಬೇಕಿತ್ತು, ಕುಣಿಯಬೇಕಿತ್ತು. ಯಾವುದೂ ಆಗಲಿಲ್ಲ. ನಿಮ್ಮ ಮೇಲೆ ಸಿಟ್ಟಿದೆ. ಬೆಂಚಿನ ಮೇಲೆ ಕೂತವನಿಗೆ ಹೆದರಿದಿರಿ. ಆ ತಂತಿಯಲ್ಲಿ ‘ನೀರು ನಾಲ್ಕು ಬೆರಳು ಮೇಲಿಡಿ’ ಎಂದು ಬರೆಯಬಹುದಿತ್ತು. ನನ್ನೊಬ್ಬಳನ್ನು ಕೆಳಗಿಳಿಸಿದಿರಿ. ನನಗೆ ಹತ್ತಬೇಡ ಎನ್ನುವಾಗ ಇನ್ನೊಬ್ಬರು ಹತ್ತಬಹುದೆಂದು ನಿಮಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಿಧಾನಪ್ಪನ ಹೆಂಡತಿಗೆ ನಿಮ್ಮ ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿದರು. ಓಣಿಯಲ್ಲಿ ಆಗಲೇ ಜನ ಆಡಿಕೊಳ್ಳುತ್ತಿದ್ದಾರೆ, ನೀರು ನೋಡದೆ ಸತ್ತ ಎಂದು. ಅವರ ಮಗಳು ಶಾಲೆಗೆ ಹೋಗಲೊಲ್ಲೆ ಎನ್ನುತ್ತಿದ್ದಾಳೆ. “ಇದನ್ನ ಬರ್ದೋರು ಬದುಕಿದಾರಾ?” ಎಂದು ಕೇಳಿದರು. ಇದ್ದಾರೆ ಎಂದೆ. “ಹಂಗಾದ್ರೆ ಕಾಗದ ಯಾಕೆ ಕಳಿಸ್ತಾರೆ? ಬಂದು ಹೇಳ್ಲಿ. ಎಲ್ಲಾರ್ ಮುಂದೆ ನಿಂತು ಬಾಯ್ಬಿಟ್ಟು ಹೇಳ್ಲಿ” ಎಂದರು.

ಇಪ್ಪತ್ತೊಂದಕ್ಕೆ ವಿಚಾರಣೆ ಮುಗಿಸುತ್ತಾರೆ. ಅದಕ್ಕೆ ಮೊದಲು ಬನ್ನಿ. ಕಾಲುನೋವು ಎನ್ನಬೇಡಿ, ಪತ್ರ ಬರೆಯಬೇಡಿ. ನನ್ನ ಮನೆಗೆ ಬರಬೇಡಿ, ಬೀಗ ಹಾಕಿದೆ. ಸ್ಟೇಷನ್ನಿನಿಂದ ನೇರವಾಗಿ ಮ್ಯೂಸಿಯಂ ಹಿಂದಿನ ಓಣಿಗೆ ಬನ್ನಿ, ಟರ್ನರ್ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ನಾನು ಅಲ್ಲೇ ಆ ಮಗುವಿನ ಜೊತೆ ಇದ್ದೇನೆ. ಮೊದಲು ಅವಳಿಗೆ ಹೇಳಿ.